ಸ್ಟೆಂಟ್ ಹಾಕಿಸಿಕೊಂಡ ಮಾವ, ರಾತ್ರಿ "ಒಂದೇ ಒಂದು ಪೆಗ್": ಹಾರ್ಟಿಗೆ ಒಳ್ಳೇದಾ?

ಉಣಕಲ್ ಅಳಿಯ (ಶುಕ್ರವಾರ, ರಾತ್ರಿ 9:52)

ನಮಸ್ಕಾರ್ರೀ ಎಲ್ಲರಿಗೂ. ಮನೆಯಲ್ಲಿ ಎಂಟು ದಿನದಿಂದ ಪಂಚಾಯ್ತಿ ನಡೆದಿದೆ. ಬಗೆಹರಿಯದೆ ಇಲ್ಲಿ ತಂದು ಹಾಕ್ತಿದ್ದೇನೆ.

ನಮ್ಮ ಮಾವನವರಿಗೆ 61. ಧಾರವಾಡದಲ್ಲಿ ಇರುತ್ತಾರೆ. ಜೀವಮಾನ ಪೂರ್ತಿ ಲೆಕ್ಕಪತ್ರ ಬರೆದು ರಿಟೈರ್ ಆದವರು. ಎಂಟು ತಿಂಗಳ ಹಿಂದೆ ಎದೆನೋವು ಬಂದು, ಆಂಜಿಯೋ ಆಗಿ, ಒಂದು ಸ್ಟೆಂಟ್ ಬಿತ್ತು. ಬಿಪಿ ಗುಳಿಗೆ, ರಕ್ತ ತೆಳು ಮಾಡುವ ಗುಳಿಗೆ, ಕೊಲೆಸ್ಟ್ರಾಲ್ ಗುಳಿಗೆ ಎಲ್ಲಾ ನಡೆದಿವೆ. ಮೊದಲ ಮೂರು ತಿಂಗಳು ಬಾಟಲಿ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಬೆಳಗಿನ ವಾಕಿಂಗ್ ಗೆಳೆಯರು ಯಾರೋ ಕಿವಿಯಲ್ಲಿ ಊದಿದ್ದಾರೆ: "ದಿನಾ ಒಂದು ಪೆಗ್ ಹಾರ್ಟಿಗೆ ಛಲೋ, ನಾಳ ಅಗಲ ಆಗ್ತಾವ."

ಈಗ ರಾತ್ರಿ ಎಂಟು ಹೊಡೆಯಿತೆಂದರೆ ಸ್ಟೀಲ್ ಲೋಟ ಹಿಡಿದು ಕೂಡುತ್ತಾರೆ. ಬ್ರಾಂಡಿ. ಕೇಳಿದರೆ "ಮೂವತ್ತು ಎಂಎಲ್, ಔಷಧಿ" ಅನ್ನುತ್ತಾರೆ. ಅತ್ತೆ ಮಾತು ಬಿಟ್ಟಿದ್ದಾರೆ. ಊಟ ಬಡಿಸುತ್ತಾರೆ, ಮಾತಿಲ್ಲ.

ನಾನೂ ಸಾಚಾ ಏನಲ್ಲ. ತಿಂಗಳಿಗೆ ಎರಡು ಸಲ ಗೆಳೆಯರ ಜೊತೆ ಬಿಯರ್ ಇರುತ್ತದೆ. ಅದಕ್ಕೇ ನಾನು ಬಾಯಿ ಬಿಟ್ಟರೆ "ಮೊದಲ ನೀವು ಬಿಡ್ರಿ ಅಳಿಯಂದ್ರ" ಅಂತಾರೆ. ಒಂದು ಪೆಗ್ ಹಾರ್ಟಿಗೆ ಒಳ್ಳೇದು ಅನ್ನೋದು ನಿಜವಾ, ಗಾಳಿ ಮಾತಾ? ತಿಳಿದವರು ಹೇಳಿ.

ಗಿರ್ಮಿಟ್ ಗೆಳೆಯ

ನಾಳ ಅಗಲ ಆಗಿದ್ದು ಗೊತ್ತಿಲ್ಲ. ನಿಮ್ಮ ಅತ್ತೆ ಮಾವನ ನಡುವಿನ ಅಂತರ ಅಗಲ ಆಗಿದ್ದು ಕಾಣುತ್ತಿದೆ.

ಹಳೇ ಹುಬ್ಬಳ್ಳಿ ಹುಲಿ

ಎಲ್ಲರೂ ಈಗ ಉಪದೇಶ ಶುರು ಮಾಡ್ತಾರೆ ನೋಡಿ. ನಮ್ಮ ಅಜ್ಜ 88 ವರ್ಷ ಬದುಕಿದ. ದಿನಾ ರಾತ್ರಿ ಒಂದು ಗ್ಲಾಸು, ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ. ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ಫ್ರಾನ್ಸಿನವರು ಬೆಣ್ಣೆ, ಚೀಸ್ ತಿಂದು ವೈನ್ ಕುಡಿದು ಆರಾಮ ಇದ್ದಾರೆ. ಅತಿ ಮಾಡಬಾರದು, ಅಷ್ಟೇ. ಲಿಮಿಟ್‌ನಲ್ಲಿ ಇದ್ದರೆ ಏನೂ ಆಗಲ್ಲ.

ನವನಗರದ ಅಕ್ಕ

ನಿಮ್ಮ ಅಜ್ಜ ದಿನಾ ಎಷ್ಟು ಮೈಲಿ ನಡೆಯುತ್ತಿದ್ದರು, ಅದನ್ನೂ ಹೇಳಿ.

ಹಳೇ ಹುಬ್ಬಳ್ಳಿ ಹುಲಿ

ಹೊಲ ಆರು ಕಿಲೋಮೀಟರ್ ಇತ್ತು. ಹೋಗಿ ಬರೋದು ನಡೆದೇ.

ನವನಗರದ ಅಕ್ಕ

ಮುಗೀತಲ್ಲ.

ವಾರ್ಡ್ ಸಿಸ್ಟರ್ (ಶುಕ್ರವಾರ, ರಾತ್ರಿ 11:20)

ಹಾರ್ಟ್ ವಾರ್ಡಿನಲ್ಲಿ 14 ವರ್ಷದಿಂದ ನರ್ಸ್ ಆಗಿದ್ದೇನೆ. ಡ್ಯೂಟಿ ಮುಗಿಸಿ ಈಗ ನೋಡಿದೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

"ನಾಳ ಅಗಲ ಆಗುತ್ತೆ" ಅನ್ನೋದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಕುಡಿದಾಗ ಚರ್ಮದ ರಕ್ತನಾಳ ಅಗಲ ಆಗುತ್ತವೆ. ಮುಖ ಕೆಂಪಾಗುತ್ತೆ, ಮೈ ಬೆಚ್ಚಗಾಗುತ್ತೆ. ಕೆಲವು ತಾಸು ಬಿಪಿ ಕೂಡ ಇಳಿಯಬಹುದು. ಆಗ ಮಷೀನ್ ಕಟ್ಟಿ ನೋಡಿ "ನೋಡ್ರಿ ಸಿಸ್ಟರ್, ಕಮ್ಮಿ ಬಂತು" ಅನ್ನುವವರನ್ನು ನಾನೇ ನೋಡಿದ್ದೇನೆ. ಮರುದಿನ ಅದೇ ಬಿಪಿ ಏರುತ್ತದೆ. ದಿನಾ ಕುಡಿದರೆ ಏರಿದ್ದು ಏರಿದಂತೆ ನಿಲ್ಲುತ್ತದೆ. ಹೃದಯದ ನಾಳದಲ್ಲಿ ಕೂತ ಕೊಬ್ಬಿನ ಗಡ್ಡೆಯನ್ನು ಬ್ರಾಂಡಿ ಕರಗಿಸೋದಿಲ್ಲ.

ಫ್ರಾನ್ಸ್ ಕಥೆ 1991ರಲ್ಲಿ ಅಮೆರಿಕದ ಒಂದು ಟಿವಿ ಕಾರ್ಯಕ್ರಮದಲ್ಲಿ ಬಂದು ಜಗತ್ತೆಲ್ಲ ಹಬ್ಬಿತು. ಆಗಿನ ಸಂಶೋಧನೆಗಳಲ್ಲೂ ಸ್ವಲ್ಪ ಕುಡಿಯುವವರು, ಕುಡಿಯದೇ ಇರುವವರಿಗಿಂತ ಗಟ್ಟಿ ಇದ್ದಂತೆ ಕಾಣುತ್ತಿತ್ತು. ಆಮೇಲೆ ಗೊತ್ತಾಯಿತು, ಆ "ಕುಡಿಯದವರ" ಗುಂಪಿನಲ್ಲಿ ಎಷ್ಟೋ ಜನ ಮೊದಲು ಕುಡಿದು, ಕಾಯಿಲೆ ಬಿದ್ದು, ಡಾಕ್ಟರ್ ಬೈದ ಮೇಲೆ ಬಿಟ್ಟವರು. ಅವರನ್ನು ಆ ಕಡೆ ಕೂರಿಸಿ ಹೋಲಿಸಿದರೆ ಈ ಕಡೆಯವರು ಪೈಲ್ವಾನರ ಹಾಗೇ ಕಾಣುತ್ತಾರೆ, ಅಲ್ವಾ?

2022ರಲ್ಲಿ ಬ್ರಿಟನ್ನಿನ 3.7 ಲಕ್ಷ ಜನರ ಆರೋಗ್ಯ ಮತ್ತು ಜೀನ್ ಮಾಹಿತಿ ಇಟ್ಟುಕೊಂಡು ಒಂದು ದೊಡ್ಡ ಅಧ್ಯಯನ ಬಂತು. ಸ್ವಲ್ಪ ಕುಡಿಯುವವರು ಜಾಸ್ತಿ ನಡೆಯುತ್ತಿದ್ದರು, ತರಕಾರಿ ಜಾಸ್ತಿ ತಿನ್ನುತ್ತಿದ್ದರು, ಬೀಡಿ ಸಿಗರೇಟು ಕಮ್ಮಿ. ಅದನ್ನೆಲ್ಲ ಲೆಕ್ಕಕ್ಕೆ ತಗೊಂಡಾಗ ಆ ಲಾಭ ಕುಗ್ಗಿತು. ಜೀನ್ ಲೆಕ್ಕ ಹಾಕಿದಾಗ ಕುಡಿತ ಸ್ವಲ್ಪವಿದ್ದರೂ ಹೃದಯಕ್ಕೆ ಅಪಾಯವೇ, ಪ್ರಮಾಣ ಹೆಚ್ಚಿದಂತೆ ಅದು ಜಿಗಿದು ಜಿಗಿದು ಏರುತ್ತದೆ ಅಂತ ಕಂಡಿತು.

ಅಂದರೆ ಅಜ್ಜನನ್ನು ಕಾಪಾಡಿದ್ದು ಹೊಲದ ದಾರಿ. ಕ್ರೆಡಿಟ್ ಮಾತ್ರ ಗ್ಲಾಸಿಗೆ ಹೋಯಿತು.

ಹಳೇ ಹುಬ್ಬಳ್ಳಿ ಹುಲಿ

ಸರಿ ಸಿಸ್ಟರ್. ಆದರೆ ರೆಡ್ ವೈನ್ ಬೇರೆ ಅಲ್ವಾ? ದ್ರಾಕ್ಷಿ ಸಿಪ್ಪೆಯಲ್ಲಿ ಏನೋ ಒಳ್ಳೆಯ ಅಂಶ ಇದೆಯಂತೆ.

ವಾರ್ಡ್ ಸಿಸ್ಟರ್

ರೆಸ್ವೆರಟ್ರಾಲ್. ವೈನಿನಲ್ಲಿ ಇರೋದು ಚೂರುಪಾರು. ಪ್ರಯೋಗಾಲಯದಲ್ಲಿ ಇಲಿಗೆ ಕೊಟ್ಟಷ್ಟು ನಿಮಗೆ ಸಿಗಬೇಕಾದರೆ ಪೀಪಾಯಿಗಟ್ಟಲೆ ಕುಡಿಯಬೇಕು. ಸಿಪ್ಪೆಯೇ ಬೇಕಿದ್ದರೆ ವಿಜಯಪುರದ ದ್ರಾಕ್ಷಿ ತಿನ್ನಿ.

ಗಿರ್ಮಿಟ್ ಗೆಳೆಯ

ಪೀಪಾಯಿ ಅಂದ ಕೂಡಲೇ ನಾಲ್ಕು ಜನ ಆನ್‌ಲೈನ್ ಬಂದರು.

ಗದಗ ಲೆಕ್ಕದ ಮಾಸ್ತರ (ಶನಿವಾರ, ಬೆಳಿಗ್ಗೆ 6:40)

ಎಲ್ಲರೂ ಪೆಗ್, ಗ್ಲಾಸ್, ಲಿಮಿಟ್ ಅಂತಿದ್ದೀರಿ. ಅಳತೆ ಯಾರೂ ಹೇಳಲಿಲ್ಲ. ಲೆಕ್ಕ ಹಾಕೋಣ.

ನಮ್ಮಲ್ಲಿ ಸಿಗುವ ಬ್ರಾಂಡಿ, ವಿಸ್ಕಿ, ರಮ್ ಎಲ್ಲಾ ಸಾಮಾನ್ಯವಾಗಿ ಶೇ 42.8. ಲೇಬಲ್ ಮೇಲೆ ಬರೆದಿರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಎಂಎಲ್ ಅಂದರೆ 0.79 ಗ್ರಾಂ. ಹಾಗಾಗಿ:

30 ಎಂಎಲ್ ಅಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. 60, ಅಂದರೆ ಲಾರ್ಜ್ ಪೆಗ್, 20. ನೈಂಟಿ ಪ್ಯಾಕೆಟ್ ಅಂದರೆ 30. ಕ್ವಾರ್ಟರ್ (180 ಎಂಎಲ್) ಅಂದರೆ 61.

ಈಗ "ನಾನು ಬಿಯರ್ ಅಷ್ಟೇ ಕುಡಿಯೋದು" ಅನ್ನುವ ಅಳಿಯಂದಿರಿಗೆ. 650 ಎಂಎಲ್ ಸ್ಟ್ರಾಂಗ್ ಬಿಯರ್ ಶೇ 8 ಇದ್ದರೆ 41 ಗ್ರಾಂ. ಅಂದರೆ ಒಂದು ಬಾಟಲಿ ಎರಡು ಲಾರ್ಜ್ ಪೆಗ್‌ಗೆ ಸಮ. ಬಿಯರ್ ಅಂದರೆ ಬಾರ್ಲಿ ನೀರು ಅಂತ ತಿಳಿದವರು ಬಹಳ ಜನ ಇದ್ದಾರೆ.

2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 19 ದೇಶಗಳ ಸುಮಾರು 6 ಲಕ್ಷ ಕುಡಿಯುವವರ ಲೆಕ್ಕ ಬಂದಿತ್ತು. ವಾರಕ್ಕೆ 100 ಗ್ರಾಂ ದಾಟಿದ ಮೇಲೆ ಆಯುಷ್ಯ ಕಡಿಮೆ ಆಗುತ್ತ ಹೋಗಿತ್ತು. ಲಕ್ವ, ಹಾರ್ಟ್ ಫೇಲ್ಯೂರ್, ಬಿಪಿಯಿಂದ ಸಾವು ಇವೆಲ್ಲ ಕುಡಿತದ ಜೊತೆ ಏರಿದ್ದವು. ನ್ಯಾಯವಾಗಿ ಹೇಳಬೇಕು, ಅದೇ ಲೆಕ್ಕದಲ್ಲಿ ಜೀವ ತೆಗೆಯದ ಹಾರ್ಟ್ ಅಟ್ಯಾಕ್ ಮಾತ್ರ ಸ್ವಲ್ಪ ಕಮ್ಮಿ ಕಂಡಿತ್ತು. ವಾಕಿಂಗ್ ಗೆಳೆಯರು ಆ ಒಂದು ಸಾಲು ಹಿಡಿದುಕೊಂಡು ಮಿಕ್ಕಿದ್ದನ್ನೆಲ್ಲ ಬಿಟ್ಟಿರುತ್ತಾರೆ.

ಉಣಕಲ್ ಅಳಿಯನವರೇ, ಒಂದು ಕೆಲಸ ಮಾಡಿ. ಮಾವನವರು ಲೋಟಕ್ಕೆ ಸುರಿದದ್ದನ್ನು ಒಮ್ಮೆ ಅಳೆಯಿರಿ. ಕೆಮ್ಮಿನ ಔಷಧಿಯ ಮುಚ್ಚಳ ಸಾಕು.

ಉಣಕಲ್ ಅಳಿಯ

ಅಳೆಯಲು ಹೋದರೆ ಮನೆಯಿಂದ ಹೊರಗೆ ಹಾಕ್ತಾರೆ ಸರ್. ಆದರೂ ನೋಡ್ತೇನೆ. ನಾಳೆ ಧಾರವಾಡಕ್ಕೆ ಹೋಗೋದಿದೆ.

ಪೇಡಾ ಪಾರ್ಟಿ

ಹೋದರೆ ಬರುವಾಗ ಲೈನ್ ಬಜಾರಿನಿಂದ ಪೇಡಾ ತನ್ನಿ. ಬಿಸಿ ಇದ್ದಾಗಲೇ.

ನವನಗರದ ಅಕ್ಕ

ಹಾರ್ಟಿನ ಮಾತು ನಡೆದಿರೋದು, ನೀವು ಪೇಡಾ ಅಂತೀರಿ.

ಕೇಶ್ವಾಪುರ ಕೇಶವ (ಶನಿವಾರ, ಬೆಳಿಗ್ಗೆ 10:05)

ಸಾಮಾನ್ಯವಾಗಿ ಇಲ್ಲಿ ಓದ್ತೀನಿ ಅಷ್ಟೇ, ಬರೆಯೋದಿಲ್ಲ. ಇವತ್ತು ನನ್ನ ಕಥೆ ಹೇಳಿಬಿಡ್ತೀನಿ. ನನಗೆ 36. ಸ್ಟೆಂಟ್ ಇಲ್ಲ, ಬಿಪಿ ಇಲ್ಲ, ಶುಗರ್ ಇಲ್ಲ. ವಾರದಲ್ಲಿ ಕುಡಿಯೋದೂ ಇಲ್ಲ.

ಹೋದ ವರ್ಷ ರಂಗಪಂಚಮಿ. ನಮ್ಮ ಹುಬ್ಬಳ್ಳಿ ರಂಗಪಂಚಮಿ ಗೊತ್ತಲ್ಲ, ಬೆಳಿಗ್ಗೆಯಿಂದ ಹಲಗಿ, ಬಣ್ಣ. ಬಿಸಿಲಲ್ಲಿ ಕುಣಿದು ಹನ್ನೊಂದಕ್ಕೇ ಶುರು ಮಾಡಿದೆವು. ನೀರು ಕುಡಿದದ್ದು ನೆನಪಿಲ್ಲ. ಸಂಜೆ ಹೊತ್ತಿಗೆ ಎಷ್ಟಾಯಿತು ಅಂತ ಲೆಕ್ಕ ತಪ್ಪಿತ್ತು. ಮಲಗಿದೆ. ರಾತ್ರಿ ಎರಡೂವರೆಗೆ ಎಚ್ಚರ ಆಯಿತು. ಎದೆಯೊಳಗೆ ಪಾರಿವಾಳ ಸಿಕ್ಕಿಕೊಂಡು ರೆಕ್ಕೆ ಬಡಿದ ಹಾಗೆ. ನಾಡಿ ಹಿಡಿದರೆ ತಾಳವೇ ಇಲ್ಲ. ಟಕ್ ಟಕ್, ನಿಲ್ಲುತ್ತೆ, ಮತ್ತೆ ಟಕಟಕಟಕ. ಕೈಗೆ ಇನ್ನೂ ಗುಲಾಬಿ ಬಣ್ಣ ಹತ್ತಿತ್ತು. ಆ ಗುಲಾಬಿ ಬೆರಳು ಮಣಿಕಟ್ಟಿನ ಮೇಲೆ ಇಟ್ಟುಕೊಂಡು ಎಣಿಸ್ತಾ ಕೂತಿದ್ದು ಇನ್ನೂ ಕಣ್ಣ ಮುಂದೆ ಇದೆ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದು "ಏಟ್ರಿಯಲ್ ಫಿಬ್ರಿಲೇಷನ್" ಅಂದರು. ಡ್ರಿಪ್ ಹಾಕಿ, ಇಂಜೆಕ್ಷನ್ ಕೊಟ್ಟರು. ಬೆಳಿಗ್ಗೆ ಒಂಬತ್ತಕ್ಕೆ ತಾಳ ಸರಿ ಹೋಯಿತು. ಪಕ್ಕದ ಬೆಡ್ಡಿನಲ್ಲೂ ಬಣ್ಣ ಹತ್ತಿದ ಮುಖದ ಒಬ್ಬ ಮಲಗಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗಲಿಲ್ಲ.

ವಾರ್ಡ್ ಸಿಸ್ಟರ್

ಕೇಶವ ಅವರೇ, ಇದಕ್ಕೆ "ಹಾಲಿಡೇ ಹಾರ್ಟ್" ಅಂತಲೇ ಹೆಸರಿದೆ. 1978ರಲ್ಲಿ ಅಮೆರಿಕದ ಡಾಕ್ಟರುಗಳು ಇಟ್ಟ ಹೆಸರು. ಶನಿವಾರ, ಭಾನುವಾರ, ಹಬ್ಬ ಹುಣ್ಣಿಮೆಗೆ ಒಮ್ಮೆಲೇ ಸುರಿದುಕೊಂಡು, ಮರುದಿನ ಎದೆ ಬಡಿತ ಅಂತ ಬರುವವರನ್ನು ನೋಡಿ ಇಟ್ಟದ್ದು. ಹಾರ್ಟ್ ಗಟ್ಟಿ ಇದ್ದವರಿಗೂ ಬರುತ್ತದೆ. ಬಡಿತದ ಲಯ ತಪ್ಪಿದಾಗ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಅದಕ್ಕೇ ಸುಮ್ನೆ ಮಲಗಿದರೆ ಸರಿಹೋಗುತ್ತೆ ಅಂತ ಕೂರಬಾರದು. ನೀವು ಹೋಗಿದ್ದು ಒಳ್ಳೆಯದಾಯಿತು.

ಆಮೇಲೆ ಬಿಟ್ಟಿರಾ?

ಕೇಶ್ವಾಪುರ ಕೇಶವ

ಬಿಟ್ಟೆ. ಹೆದರಿ ಬಿಟ್ಟೆ, ಜ್ಞಾನೋದಯ ಏನಿಲ್ಲ.

ವಾರ್ಡ್ ಸಿಸ್ಟರ್

ಹೆದರಿ ಬಿಟ್ಟರೂ ಲಾಭ ಅಷ್ಟೇ. ಆಸ್ಟ್ರೇಲಿಯಾದಲ್ಲಿ ಇದೇ ತೊಂದರೆ ಇದ್ದ 140 ಕುಡಿಯುವವರನ್ನು ಎರಡು ಗುಂಪು ಮಾಡಿ ಆರು ತಿಂಗಳು ನೋಡಿದರು. 2020ರಲ್ಲಿ ಬಂದ ಫಲಿತಾಂಶ: ಬಿಡಲು ಹೇಳಿದ ಗುಂಪಿನಲ್ಲಿ ಶೇ 53 ಜನರಿಗೆ ತೊಂದರೆ ಮರಳಿತು, ಕುಡಿತ ಮುಂದುವರಿಸಿದವರಲ್ಲಿ ಶೇ 73.

ಶ್ರಾವಣದ ಸಂತ

ನಾನು ಪ್ರತಿ ವರ್ಷ ಶ್ರಾವಣ ಪೂರ್ತಿ ಮುಟ್ಟಲ್ಲ. ಮಾಂಸವೂ ಇಲ್ಲ, ಎಣ್ಣೆಯೂ ಇಲ್ಲ. ಹೋದ ವರ್ಷ ಮಗಳು ಬಿಪಿ ಮಷೀನ್ ತಂದುಕೊಟ್ಟಳು ಅಂತ ಬರೆದಿಟ್ಟೆ. ಆಷಾಢದ ಕೊನೆಯಲ್ಲಿ 152/96. ಶ್ರಾವಣ ಮುಗಿಯುವ ಹೊತ್ತಿಗೆ 136/86. ಗುಳಿಗೆ ಅದೇ, ಉಪ್ಪಿನಕಾಯಿ ಅದೇ. ಬದಲಾಗಿದ್ದು ಒಂದೇ.

ನವನಗರದ ಅಕ್ಕ

ಶ್ರಾವಣ ಮುಗಿದ ಮೇಲೆ?

ಶ್ರಾವಣದ ಸಂತ

ಬಡ್ಡಿ ಸಮೇತ ವಸೂಲಿ. ಅದನ್ನು ಕೇಳಬಾರದಿತ್ತು ನೀವು.

ಬ್ಯಾಡಗಿ ಖಾರ (ಶನಿವಾರ, ಸಂಜೆ 5:30)

ಹಾವೇರಿ ಕಡೆಯವನು. ನಮ್ಮ ಅಣ್ಣ ಲಾರಿ ಡ್ರೈವರ್, 44 ವರ್ಷ. ಹದಿನೈದು ವರ್ಷ ದಿನಾ ಕ್ವಾರ್ಟರ್, ಕೆಲವು ದಿನ ಎರಡು. ಎದೆನೋವು ಬರಲೇ ಇಲ್ಲ. ಕಾಲು ಬಾತವು. ಮೆಟ್ಟಿಲು ಹತ್ತಿದರೆ ದಮ್ಮು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂಡುತ್ತಿದ್ದ. ಲಿವರ್ ಹೋಗಿರಬೇಕು ಅಂದುಕೊಂಡೆವು. ಎಕೋ ಮಾಡಿದರೆ ಹಾರ್ಟ್ ದೊಡ್ಡದಾಗಿದೆ, ಪಂಪಿಂಗ್ ಶೇ 25 ಅಷ್ಟೇ ಅಂದರು. ಕುಡಿದು ಕುಡಿದು ಹೃದಯದ ಸ್ನಾಯುವೇ ಸಡಿಲ ಆಗಿದೆ ಅಂತ. ಆಂಜಿಯೋದಲ್ಲಿ ಒಂದೂ ಬ್ಲಾಕ್ ಇರಲಿಲ್ಲ. ಬ್ಲಾಕ್ ಇಲ್ಲ ಅಂದ ಕೂಡಲೇ ಅಣ್ಣ "ನೋಡು, ನಂದು ಕ್ಲಿಯರ್" ಅಂತ ಖುಷಿಪಟ್ಟ, ಪಾಪ.

ಬಿಟ್ಟು ಒಂದೂವರೆ ವರ್ಷ ಆಯಿತು. ಗುಳಿಗೆ ತಪ್ಪಿಸಿಲ್ಲ. ಹೋದ ತಿಂಗಳು ಎಕೋದಲ್ಲಿ 45 ಬಂತು. ಲಾರಿ ಬಿಟ್ಟು ಈಗ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಚೀಲದ ಲೆಕ್ಕ ಬರೆಯುತ್ತಾನೆ.

ಆದರೆ ಬಿಡಿಸುವಾಗ ನಾವು ಮಾಡಿದ ತಪ್ಪು ಹೇಳಬೇಕು. ಕೋಣೆಯಲ್ಲಿ ಹಾಕಿ ಕೀಲಿ ಹಾಕಿದೆವು. ಎರಡನೇ ದಿನಕ್ಕೆ ಕೈ ಗಡಗಡ, ಮೂರನೇ ದಿನ ಫಿಟ್ಸ್. ಗೋಡೆ ಮೇಲೆ ಇರುವೆ ಹರಿದಾಡುತ್ತಿವೆ ಅಂತ ಒರೆಸುತ್ತಿದ್ದ. ಒಂದೂ ಇರುವೆ ಇರಲಿಲ್ಲ. ಆಮೇಲೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು.

ವಾರ್ಡ್ ಸಿಸ್ಟರ್

ಇದನ್ನು ಎಲ್ಲರೂ ಓದಿ. ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ನುವಷ್ಟು ಹತ್ತಿದವರನ್ನು ಮನೆಯಲ್ಲಿ ಏಕಾಏಕಿ ನಿಲ್ಲಿಸಬೇಡಿ. ಅದಕ್ಕೆ ಗುಳಿಗೆ ಇವೆ, ಡಾಕ್ಟರ್ ನಿಗಾದಲ್ಲಿ ಕೆಲವು ದಿನ ಇರಬೇಕು. ಎಲ್ಲಿ ಹೋಗಬೇಕು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮೌನ ಗೌರಿ

ನನ್ನದೊಂದು ಪ್ರಶ್ನೆ. ನಮ್ಮ ಓಣಿಯಲ್ಲಿ ಒಬ್ಬರು ಪುಡಿ ತರಿಸಿಕೊಡ್ತಾರೆ. ಕುಡಿಯುವವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿದರೆ ತಾನೇ ಬಿಟ್ಟುಬಿಡ್ತಾರಂತೆ. ಉಣಕಲ್ ಅಳಿಯನವರ ಅತ್ತೆ ಅದನ್ನು ನೋಡಬಹುದಲ್ಲ?

ವಾರ್ಡ್ ಸಿಸ್ಟರ್

ಬೇಡ ಗೌರಿ. ದಯವಿಟ್ಟು ಬೇಡ. ಅಂಥ ಪುಡಿಯಲ್ಲಿ ಏನಿದೆ ಅಂತ ಕೊಡುವವರಿಗೂ ಗೊತ್ತಿರಲ್ಲ. ಡೈಸಲ್ಫಿರಾಂ ಅನ್ನೋ ಗುಳಿಗೆ ಪುಡಿ ಮಾಡಿದ್ದಾದರೆ, ಅದು ದೇಹದಲ್ಲಿ ಆಲ್ಕೋಹಾಲ್ ಅರ್ಧಕ್ಕೆ ಕರಗಿ ನಿಲ್ಲುವಂತೆ ಮಾಡುತ್ತದೆ. ಆ ಅರ್ಧ ಕರಗಿದ್ದು ವಿಷ. ಕುಡಿದ ಕೂಡಲೇ ಮುಖ ಕೆಂಪು, ವಾಂತಿ, ಎದೆ ಡವಡವ, ಬಿಪಿ ಧಡ್ ಅಂತ ಬೀಳುತ್ತದೆ. ಹಾರ್ಟ್ ಕಾಯಿಲೆ ಇದ್ದವರಿಗೆ ಡಾಕ್ಟರುಗಳೇ ಅದನ್ನು ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಕೊಡುವಾಗಲೂ ರೋಗಿಗೆ ತಿಳಿಸಿ, ಒಪ್ಪಿಸಿ ಕೊಡಬೇಕಾದ ಔಷಧಿ. ನಾನು ನೋಡಿದ್ದೇನೆ, ಹೆಂಡತಿ ಸಾರಿನಲ್ಲಿ ಬೆರೆಸಿದ್ದಳು, ಗಂಡ ಬಂದಾಗ ಬಿಪಿ 80/50. ಆಕೆ ಬಾಗಿಲ ಹತ್ತಿರ ನಿಂತು ನಡುಗುತ್ತಿದ್ದಳು, ಏನು ಹಾಕಿದೆ ಅಂತ ಹೇಳೋಕೂ ಬಾಯಿ ಬರುತ್ತಿರಲಿಲ್ಲ.

ಮೌನ ಗೌರಿ

ಸರಿ ಅಕ್ಕ. ಕೇಳಿದ್ದು ಒಳ್ಳೇದಾಯ್ತು. ಡಬ್ಬಿಯಲ್ಲಿ ಇಟ್ಟಿದ್ದೆ.

ವಾರ್ಡ್ ಸಿಸ್ಟರ್

ಎಸೆದುಬಿಡಿ. ಬೇಕಾದರೆ ನನಗೆ ಖಾಸಗಿಯಾಗಿ ಬರೆಯಿರಿ.

ಹಳೇ ಹುಬ್ಬಳ್ಳಿ ಹುಲಿ

ಇಷ್ಟೆಲ್ಲಾ ಕೆಟ್ಟದ್ದಾದರೆ ಸರ್ಕಾರ ಯಾಕೆ ಮಾರುತ್ತೆ? 2007ರ ಜುಲೈ 1ಕ್ಕೆ ಸಾರಾಯಿ ಬಂದ್ ಮಾಡಿದರು. ಏನಾಯ್ತು? ಸಾರಾಯಿ ಪ್ಯಾಕೆಟ್ ಹೋಗಿ ಟೆಟ್ರಾ ಪ್ಯಾಕ್ ಬಂತು. ಕುಡಿಯುವವನು ಅವನೇ, ಕೊಡುವ ರೊಕ್ಕ ಜಾಸ್ತಿ.

ಬ್ಯಾಡಗಿ ಖಾರ

ಇದೊಂದು ಮಾತು ಖರೆ. ನಮ್ಮ ಕಡೆ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತೆ. ಹೆಂಗಸರು ಹೋಗಿ ತಹಶೀಲ್ದಾರರ ಮುಂದೆ ಕೂತರೆ ಹದಿನೈದು ದಿನ ಬಂದ್, ಮತ್ತೆ ಶುರು.

ಗದಗ ಲೆಕ್ಕದ ಮಾಸ್ತರ

ರಾಜಕೀಯಕ್ಕೆ ಬೇರೆ ಚರ್ಚೆ ತೆಗೆಯಿರಿ. ಮಾವನವರ ಲೋಟ ಎಲ್ಲಿಗೆ ಬಂತು?

ಬೆಟಗೇರಿ ಬಸಣ್ಣ

ಸಿಸ್ಟರ್, ಒಂದು ಸೇರಿಸ್ತೀನಿ. ನಮ್ಮ ಗೆಳೆಯನಿಗೆ ಹೋದ ಡಿಸೆಂಬರಿನಲ್ಲಿ ಕುಡಿದು ಕೂತಾಗ ಎದೆ ಹಿಡಿಯಿತು. ಚಾಕಣಾಕ್ಕೆ ಮಿರ್ಚಿ ತಿಂದಿದ್ದ, ಗ್ಯಾಸ್ ಅಂತ ಎಲ್ಲರೂ ಸೇರಿ ಸೋಡಾ ಕುಡಿಸಿದೆವು. ಒಂದಲ್ಲ, ಮೂರು ಸೋಡಾ. ಬೆನ್ನು ತಟ್ಟಿದೆವು. ಬೆವರು ನೋಡಿ ಒಬ್ಬನಿಗೆ ಅನುಮಾನ ಬಂದು ತಾಲೂಕು ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಒಂದೂವರೆ ತಾಸು ಕಳೆದಿತ್ತು. ಅಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಕಳಿಸಿದರು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಪುಕ್ಕಟೆ. ಬದುಕಿದ. ಆ ಒಂದೂವರೆ ತಾಸಿನಲ್ಲಿ ಎಷ್ಟು ಸ್ನಾಯು ಸತ್ತಿತೋ, ಅದಕ್ಕೆ ಕಾರಣ ನಮ್ಮ ಸೋಡಾ.

ವಾರ್ಡ್ ಸಿಸ್ಟರ್

ಬಸಣ್ಣ ಹೇಳಿದ್ದಕ್ಕೆ ಸೇರಿಸಿ ಇನ್ನೊಂದು. ಸ್ಟೆಂಟ್ ಇರುವವರ ಜೇಬಿನಲ್ಲಿ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಗುಳಿಗೆ ಇರುತ್ತಲ್ಲ, ಅದು ಬಿಪಿ ಇಳಿಸುತ್ತದೆ. ಕುಡಿದಾಗ ಅದನ್ನು ಇಟ್ಟುಕೊಂಡರೆ ತಲೆ ತಿರುಗಿ ಬೀಳಬಹುದು. ರಕ್ತ ತೆಳು ಮಾಡುವ ಗುಳಿಗೆ ಜೊತೆ ಕುಡಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ. ಅಳಿಯನವರೇ, ಮಾವನವರ ವಿಷಯದಲ್ಲಿ ಪೆಗ್ ಒಳ್ಳೇದಾ ಅನ್ನೋ ಪ್ರಶ್ನೆಯ ಜೊತೆಗೆ ಇದೂ ಇದೆ. ಕುಡಿಯುತ್ತಿದ್ದೇನೆ ಅಂತ ಡಾಕ್ಟರಿಗೆ ಹೇಳಿದ್ದಾರಾ?

ಉಣಕಲ್ ಅಳಿಯ (ಭಾನುವಾರ, ರಾತ್ರಿ 10:15)

ಬಂದೆ. ಹೇಳಿಲ್ಲವಂತೆ. "ಅವರು ಕೇಳಲಿಲ್ಲ, ನಾನು ಹೇಳಲಿಲ್ಲ."

ಇವತ್ತಿನ ಕಥೆ ಕೇಳಿ. ಬುದ್ಧಿವಾದ ಏನೂ ಹೇಳಲಿಲ್ಲ. ಮಾಸ್ತರ ಲೆಕ್ಕ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಎಂಟು ಗಂಟೆಗೆ ಲೋಟ ಬಂತು. "ಮಾವ, ಮೂವತ್ತು ಎಂಎಲ್ ಅಂದ್ರಲ್ಲ, ಒಮ್ಮೆ ಅಳೀರಿ" ಅಂದೆ. ಸಿಟ್ಟು ಬರುತ್ತೆ ಅಂದುಕೊಂಡಿದ್ದೆ. ಲೆಕ್ಕದ ಮನುಷ್ಯ ನೋಡಿ, ಸವಾಲು ಅನ್ನಿಸಿತು. ಅಡುಗೆಮನೆಯಿಂದ ಮೊಮ್ಮಗಳ ಕೆಮ್ಮಿನ ಔಷಧಿ ಮುಚ್ಚಳ ತಾವೇ ತಂದರು. ದಿನಾ ಸುರಿಯುವಷ್ಟೇ ಸುರಿದರು, ಲೋಟದ ತಳದಿಂದ ಎರಡು ಬೆರಳು. ಆಮೇಲೆ ಹತ್ತತ್ತು ಎಂಎಲ್ ಮುಚ್ಚಳದಲ್ಲಿ ತೆಗೆದು ಇನ್ನೊಂದು ಲೋಟಕ್ಕೆ ಹಾಕುತ್ತಾ ಎಣಿಸಿದರು. ಮೂರಕ್ಕೆ ನಿಲ್ಲಲಿಲ್ಲ. ಐದಕ್ಕೆ ದನಿ ಸಣ್ಣದಾಯಿತು. ಒಂಬತ್ತೂವರೆ ಮುಚ್ಚಳ. 95 ಎಂಎಲ್.

ಸುಮ್ಮನೆ ಕೂತರು. ಚೀಟಿ ಕೊಟ್ಟೆ. ಪೆನ್ ತೆಗೆದು ತಾವೇ ಗುಣಿಸಿದರು. ದಿನಕ್ಕೆ 32 ಗ್ರಾಂ, ವಾರಕ್ಕೆ 225. ಪಕ್ಕದಲ್ಲಿ 100 ಅಂತ ಬರೆದು ಕೆಳಗೆ ಗೆರೆ ಎಳೆದರು. "ಖಾತೇದಾಗ ಮೂವತ್ತು ತೋರಿಸಿ ತೊಂಬತ್ತೈದು ಖರ್ಚು ಹಾಕೀನಿ. ಇದಕ್ಕ ಅಫರಾತಫರಿ ಅಂತಾರ" ಅಂದರು. ಅಡುಗೆಮನೆಯಿಂದ ಅತ್ತೆ ನಕ್ಕದ್ದು ಕೇಳಿಸಿತು. ಎಷ್ಟು ದಿನ ಆಗಿತ್ತೋ.

ಆಮೇಲೆ ನನ್ನ ಕಡೆ ತಿರುಗಿದರು. "ಈಗ ನಿಮ್ಮ ಬಿಯರ್ ಲೆಕ್ಕ ತಗೀರಿ." ಎರಡು ಸ್ಟ್ರಾಂಗ್ ಬಾಟಲಿ, 82 ಗ್ರಾಂ, ಒಂದೇ ರಾತ್ರಿಗೆ. ನಾನೂ ಸುಮ್ಮನೆ ಕೂತೆ.

ಮುಂದಿನ ಚೆಕಪ್ ಗುರುವಾರ ಇದೆ. ಡಾಕ್ಟರಿಗೆ ಹೇಳ್ತೀನಿ ಅಂದಿದ್ದಾರೆ. ನಾನೂ ಜೊತೆ ಹೋಗ್ತೀನಿ, ಇಲ್ಲದಿದ್ದರೆ ಮತ್ತೆ ಮೂವತ್ತು ಅಂತಾರೆ.

ಗದಗ ಲೆಕ್ಕದ ಮಾಸ್ತರ

ಮಾವನವರಿಗೆ ನನ್ನ ನಮಸ್ಕಾರ ಹೇಳಿ. ಗುಣಾಕಾರ ಸರಿ ಇದೆ.

ಹಳೇ ಹುಬ್ಬಳ್ಳಿ ಹುಲಿ

ನಾನೂ ಇವತ್ತು ಅಳೆದೆ. ಎಷ್ಟು ಅಂತ ಹೇಳಲ್ಲ.

ಪೇಡಾ ಪಾರ್ಟಿ

ಪೇಡಾ ತಂದಿರಾ?

ಉಣಕಲ್ ಅಳಿಯ

ತಂದೆ. ಚಿಗರಿ ಬಸ್ಸಿನಲ್ಲೇ ಅರ್ಧ ಖಾಲಿ.

ಗಿರ್ಮಿಟ್ ಗೆಳೆಯ

ಅದು ಬಿಡ್ರಿ. ಅಳೆದ ಆ 95 ಎಂಎಲ್ ಏನಾಯಿತು?

ಉಣಕಲ್ ಅಳಿಯ

ಅತ್ತೆ ಬಚ್ಚಲಿಗೆ ಸುರಿದರು. ಬಾಟಲಿಯಲ್ಲಿ ಉಳಿದಿದ್ದೂ ಹೋಯಿತು. ಮಾವ ಆ ಹೊತ್ತಿಗೆ ಎದ್ದು ಅಂಗಳಕ್ಕೆ ಹೋಗಿದ್ದರು. ಸೆಕೆ ಅಂತೆ. ಹೊರಗೆ ಜಿಟಿಜಿಟಿ ಮಳೆ.